ಮಂಡೂರು: ಲಾರಿ ನಿಂತಿತು, ಲೆಕ್ಕ ಮುಗಿಯಲಿಲ್ಲ

2014ರ ಡಿಸೆಂಬರ್ ಆರಂಭದಲ್ಲಿ ಬೆಂಗಳೂರಿನ ಕಸದ ಲಾರಿಗಳು ಮಂಡೂರಿಗೆ ಹೋಗುವುದು ನಿಂತಿತು. ಅದಕ್ಕೂ ಮೊದಲು, 2012ರ ಜುಲೈನಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ, ನಗರದ ಬೀದಿಗಳಲ್ಲಿ ಕಸ ರಾಶಿಬಿದ್ದು ನಾವೆಲ್ಲ ಮೂಗು ಮುಚ್ಚಿಕೊಂಡು ಓಡಾಡಿದ್ದು ಓದುಗರಿಗೆ ನೆನಪಿರಬಹುದು. ಎರಡೂ ಸಲ ಗ್ರಾಮಸ್ಥರ ಹೋರಾಟ ಗೆದ್ದಿತೆಂದು ಭಾವಿಸಿ ನಾವು ಮುಂದಿನ ಸುದ್ದಿಗೆ ಹೊರಳಿದೆವು. ಆದರೆ ಕಸ ಸುರಿಯುವುದನ್ನು ನಿಲ್ಲಿಸುವುದು ಒಂದು ಕೆಲಸ. ಕಸದ ಗುಡ್ಡವನ್ನು ಮುಚ್ಚುವುದು ಬೇರೆಯದೇ ಕೆಲಸ. ಮೊದಲನೆಯದಕ್ಕೆ ಒಂದು ಆದೇಶ ಸಾಕು.

ಎರಡನೆಯದಕ್ಕೆ ಏನು ಬೇಕೆಂಬುದನ್ನು ಕೇಂದ್ರ ಸರ್ಕಾರದ 2000ದ ನಗರ ಘನತ್ಯಾಜ್ಯ ನಿಯಮಗಳೇ ವಿವರವಾಗಿ ಹೇಳಿದ್ದವು. ಭರ್ತಿಯಾದ ಕಸದ ಮೇಲೆ 60 ಸೆಂಟಿಮೀಟರ್ ಜೇಡಿಮಣ್ಣಿನ ಪದರ, ಅದರ ಮೇಲೆ ನೀರು ಬಸಿದುಹೋಗಲು 15 ಸೆಂಟಿಮೀಟರ್, ಗಿಡಗಂಟಿ ಬೆಳೆಯಲು 45 ಸೆಂಟಿಮೀಟರ್ ಮಣ್ಣು. ಆಮೇಲೆ ಕನಿಷ್ಠ 15 ವರ್ಷ ಹೊದಿಕೆಯ ದುರಸ್ತಿ, ಕೊಳೆನೀರಿನ ಸಂಗ್ರಹಣೆ, ಅಂತರ್ಜಲದ ಪರೀಕ್ಷೆ, ಅನಿಲದ ನಿರ್ವಹಣೆ. 2016ರ ನಿಯಮಗಳೂ ಈ 15 ವರ್ಷದ ಹೊಣೆಯನ್ನು ಉಳಿಸಿಕೊಂಡವು.

ಇಷ್ಟು ದೀರ್ಘಾವಧಿ ಏಕೆ? ಒಳಗಿನ ಕಸ ಕೊಳೆಯುತ್ತಾ ಕುಗ್ಗುತ್ತದೆ. ಮೇಲಿನ ಹೊದಿಕೆ ಅಲ್ಲಲ್ಲಿ ಕುಸಿದು ಬಿರುಕು ಬಿಡುತ್ತದೆ. ಕುಸಿದಲ್ಲಿ ಮಳೆನೀರು ನಿಂತು ಒಳಗಿಳಿಯುತ್ತದೆ, ಲೀಚೇಟ್ ಎಂಬ ಕಪ್ಪು ದ್ರವವಾಗಿ ಕೆಳಗೆ ಹೊರಡುತ್ತದೆ. ಬೆಂಗಳೂರಿನ ಅಡಿಯಲ್ಲಿರುವುದು ಗಟ್ಟಿ ಬಂಡೆ; ಅಂತರ್ಜಲ ಹರಿಯುವುದು ಅದರ ಸೀಳುಗಳಲ್ಲಿ. ಹತ್ತಿರದ ಕೊಳವೆಬಾವಿ ಶುದ್ಧವಾಗಿದ್ದು ದೂರದ್ದು ಕೆಟ್ಟಿರುವುದು ಇಲ್ಲಿ ಅಸಂಭವವೇನಲ್ಲ. ಆದ್ದರಿಂದ ಒಂದು ಬಾವಿಯ ಒಂದು ದಿನದ ಮಾದರಿಯನ್ನು ಹಿಡಿದು ‘ನೀರು ಸರಿಯಾಗಿದೆ’ ಎನ್ನುವ ವರದಿಗೆ ಬೆಲೆಯಿಲ್ಲ. ಹಲವು ಬಾವಿಗಳ, ಹಲವು ವರ್ಷಗಳ ಅಂಕಿಗಳ ಸರಣಿ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಮಾವಳ್ಳಿಪುರದ ಲೀಚೇಟ್ ಕುರಿತು ಅಧ್ಯಯನಗಳನ್ನು ಪ್ರಕಟಿಸಿದ್ದಾರೆ. ಆದರೆ ಸಂಶೋಧನೆ ಎಂಬುದು ಯೋಜನೆ ಇರುವವರೆಗೆ. ನಿಗಾ ಎಂಬುದು ದಿನಚರಿ.

ದಿನಚರಿಗೆ ಹಣ ಕೊಡುವುದು ನಮ್ಮ ಆಡಳಿತಕ್ಕೆ ಎಂದೂ ಒಗ್ಗಿಲ್ಲ. ಸೇವೆಯಲ್ಲಿದ್ದಾಗ ನಾನು ಕಂಡಂತೆ, ಸಂಪನ್ಮೂಲ ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುತ್ತಿದ್ದುದು ನಿರ್ವಹಣಾ ವೆಚ್ಚಕ್ಕೆ. ಶಂಕುಸ್ಥಾಪನೆಯಿಲ್ಲದ, ಉದ್ಘಾಟನೆಯಿಲ್ಲದ ಬಾಬತ್ತಿನ ಪರವಾಗಿ ಸಭೆಯಲ್ಲಿ ಮಾತನಾಡುವವರು ಇರುತ್ತಿರಲಿಲ್ಲ. ಅಂಥ ಕಡತಗಳಿಗೆ ನಾನೂ ಸಹಿ ಹಾಕಿದ್ದೇನೆ. ಮುಚ್ಚಿದ ಕಸದ ಗುಡ್ಡದ ಸ್ಥಿತಿ ಇನ್ನೂ ಕಷ್ಟದ್ದು: ಅದರಿಂದ ಆದಾಯವಿಲ್ಲ, ವೆಚ್ಚ ಮಾತ್ರ.

ಇದಕ್ಕೆ ಅರ್ಥಶಾಸ್ತ್ರದಲ್ಲಿ ಸರಳ ಪರಿಹಾರವಿದೆ. ಕಸ ಸುರಿಯುವ ಕಾಲದಲ್ಲೇ ಪ್ರತಿ ಟನ್ನಿನ ಮೇಲೆ ಸ್ವಲ್ಪ ಹಣ ಎತ್ತಿಟ್ಟು ಪ್ರತ್ಯೇಕ ನಿಧಿ ಕಟ್ಟುವುದು. ನಿಗಾ ವೆಚ್ಚ ವರ್ಷಕ್ಕೆ ಒಂದು ಕೋಟಿ ರೂಪಾಯಿ ಎಂದು ಉದಾಹರಣೆಗಾಗಿ ಇಟ್ಟುಕೊಳ್ಳಿ. ಶೇ 8ರ ಬಡ್ಡಿಯಲ್ಲಿ 15 ವರ್ಷಕ್ಕೆ ಇಂದು ತೆಗೆದಿಡಬೇಕಾದದ್ದು ಸುಮಾರು 8.6 ಕೋಟಿ, 30 ವರ್ಷಕ್ಕಾದರೆ ಸುಮಾರು 11.3 ಕೋಟಿ. ಬೆಲೆಯೇರಿಕೆಯನ್ನು ಸೇರಿಸಿದರೆ ಮೊತ್ತಗಳೂ ಅಂತರವೂ ಹಿಗ್ಗುತ್ತವೆ, ನಿಜ. ಆದರೂ ಅವಧಿ ದುಪ್ಪಟ್ಟಾದಾಗ ಹೊರೆ ದುಪ್ಪಟ್ಟಾಗುವುದಿಲ್ಲ. ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ಇರಿಸಿಕೊಂಡಿರುವ ಅಳತೆ 30 ವರ್ಷ. ಅಮೆರಿಕದಲ್ಲಿ ಭೂಭರ್ತಿ ನಡೆಸುವವರು ಆ ಹಣಕ್ಕೆ ಮೊದಲೇ ಭದ್ರತೆ ತೋರಿಸಬೇಕು.

ಹಳೆಯ ಕಸವನ್ನು ಅಗೆದು ಬೇರ್ಪಡಿಸುವ ಬಯೋಮೈನಿಂಗ್ ಇರುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. 2021ರಲ್ಲಿ ಆರಂಭವಾದ ಸ್ವಚ್ಛ ಭಾರತ್ ಎರಡನೇ ಹಂತ ಒತ್ತು ಕೊಟ್ಟದ್ದೂ ಅದಕ್ಕೇ. ಕೆಲಸ ಒಳ್ಳೆಯದೇ. ಆದರೆ ಅಗೆತದಿಂದ ಗುಡ್ಡ ಕರಗುತ್ತದೆಯೇ ಹೊರತು ಬಂಡೆಯ ಸೀಳಿಗೆ ಈಗಾಗಲೇ ಇಳಿದ ದ್ರವ ಮೇಲೆ ಬರುವುದಿಲ್ಲ. ಖಾಲಿಯಾದ ಜಮೀನಿಗೆ ಬೆಲೆ ಕಟ್ಟುವವರು ಮುಂಬೈಯ ಮಾಲಾಡ್ ಅನ್ನು ಒಮ್ಮೆ ನೆನೆಯಬೇಕು. ಹಳೆಯ ಕಸದ ನೆಲದ ಮೇಲೆ ಎದ್ದ ಗಾಜಿನ ಕಚೇರಿಗಳಲ್ಲಿ ಅನಿಲದಿಂದಾಗಿ ಕಂಪ್ಯೂಟರುಗಳು ಕೆಡುತ್ತಿವೆ ಎಂಬ ದೂರುಗಳು 2000ದ ದಶಕದಲ್ಲಿ ಬಂದಿದ್ದವು.

ಕೊನೆಗೆ, ಹೊಣೆ ಯಾರದು? ಮಂಡೂರಿಗೆ ಕಸ ಕಳುಹಿಸಿದ ಬಿಬಿಎಂಪಿ 2007ರಲ್ಲಿ ಹುಟ್ಟಿ 2025ರಲ್ಲಿ ಕೊನೆಗೊಂಡಿತು. ಅದರ ಸ್ಥಾನದಲ್ಲಿ ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ಪಾಲಿಕೆಗಳೂ ಇವೆ. ಘನತ್ಯಾಜ್ಯಕ್ಕೆ ಪ್ರತ್ಯೇಕ ಕಂಪನಿಯೂ ಇದೆ. ಆಸ್ತಿ ಹಂಚಿಕೆಯಲ್ಲಿ ಎಲ್ಲರಿಗೂ ಆಸಕ್ತಿ. ಮಂಡೂರಿನಂಥ ಋಣವನ್ನು ತಾನೇ ಮುಂದೆ ಬಂದು ಕೇಳುವವರು ಯಾರು? ಮುಂದಿನ ಆಯವ್ಯಯದಲ್ಲಿ ಮಂಡೂರು, ಮಾವಳ್ಳಿಪುರಗಳ ನಿಗಾಕ್ಕೆ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯಲಿ, ಹೊಣೆಗಾರ ಅಧಿಕಾರಿಯ ಹುದ್ದೆಯನ್ನು ನಮೂದಿಸಲಿ. ಬಾವಿಗಳ ಪರೀಕ್ಷಾ ಫಲಿತಾಂಶವನ್ನು ಮುಂಗಾರಿನ ಮೊದಲೊಮ್ಮೆ, ನಂತರವೊಮ್ಮೆ ಆ ಹಳ್ಳಿಗಳ ಪಂಚಾಯಿತಿ ಕಚೇರಿಯ ಫಲಕದಲ್ಲಿ, ಕನ್ನಡದಲ್ಲಿ, ಹಿಂದಿನ ವರ್ಷದ ಅಂಕಿಯ ಪಕ್ಕದಲ್ಲೇ ಅಂಟಿಸಲಿ.