ಪುಟಿಯುವ ಚೆಂಡಿನ ಪಾಠ

ಗಣಕಯಂತ್ರದಲ್ಲಿ ಚಲಿಸುವ ಚಿತ್ರ ರಚಿಸಬಯಸುವ ಮಕ್ಕಳು 'ಬ್ಲೆಂಡರ್' ತಂತ್ರಾಂಶದ ನೂರಾರು ಗುಂಡಿಗಳನ್ನು ಕಂಡು ಎದೆಗುಂದುವುದುಂಟು. ಎಲ್ಲವನ್ನೂ ಒಮ್ಮೆಗೇ ಅರಿಯಬೇಕಿಲ್ಲ. ಮೊದಲು ಒಂದು ಚೆಂಡನ್ನು ಪುಟಿಸಲು ಕಲಿತರೆ ಸಾಕು. ಚೆಂಡು ಮೇಲಿರುವ, ನೆಲ ಮುಟ್ಟುವ, ಮರಳಿ ಏರಿದ ಮೂರು ಕ್ಷಣಗಳನ್ನು ನಾವು ಗುರುತಿಸಿದರೆ ನಡುವಿನ ಚಿತ್ರಗಳನ್ನು ಯಂತ್ರವೇ ತುಂಬುತ್ತದೆ. ಆದರೆ ಹಾಗೆಯೇ ಬಿಟ್ಟರೆ ಚೆಂಡು ನೆಲದ ಬಳಿಯೂ ನಿಧಾನಿಸಿ ಹತ್ತಿಯ ಉಂಡೆಯಂತೆ ತೋರುತ್ತದೆ. ಮೇಲೆ ನಿಧಾನ, ಕೆಳಗೆ ವೇಗ ಎಂಬುದನ್ನು ಅಂಗಳದಲ್ಲಿ ಚೆಂಡೆಸೆದು ಕಣ್ಣಾರೆ ಕಂಡೇ ತಿದ್ದಬೇಕು.

2002ರಲ್ಲಿ ಜನರು ಕೂಡಿಸಿದ 1,00,000 ಯೂರೋಗಳಿಂದ ಮುಕ್ತವಾದ ಈ ತಂತ್ರಾಂಶ ಎಲ್ಲರಿಗೂ ಉಚಿತ. ಇದರಲ್ಲಿಯೇ ರೂಪುಗೊಂಡ 'ಫ್ಲೋ' ಚಿತ್ರ 2025ರಲ್ಲಿ ಆಸ್ಕರ್ ಪಡೆಯಿತು. ಆದುದರಿಂದ ದುಬಾರಿ ತರಬೇತಿಗೆ ಸಾಲ ಮಾಡುವ ಮುನ್ನ, ತಾಯ್ತಂದೆಯರಾದ ನಾವು ಮಗುವಿನ ಮೊದಲ ಚೆಂಡು ಪುಟಿಯುವವರೆಗೆ ತಾಳ್ಮೆಯಿಂದ ಕಾಯೋಣ.