ಚುಕ್ಕಾಣಿ ಹಿಡಿಯುವ ಮುನ್ನ

1938ರ ಫೆಬ್ರವರಿ 6ರಂದು ಆಸ್ಟ್ರೇಲಿಯದ ಸಿಡ್ನಿ ನಗರದ ಬಾಂಡೈ ಕಡಲತೀರದಲ್ಲಿ ಒಂದರ ಹಿಂದೊಂದಾಗಿ ಬಂದ ಹೆದ್ದೆರೆಗಳು ನೂರಾರು ಜನರನ್ನು ಒಳಕ್ಕೆ ಸೆಳೆದುಕೊಂಡವು. ಸ್ವಯಂಸೇವಕರು ಹಗ್ಗವನ್ನೂ ತೋಳ್ಬಲವನ್ನೂ ನಂಬಿ ಈಜಿ ಬಹುಮಂದಿಯನ್ನು ದಡ ಸೇರಿಸಿದರು. 5 ಮಂದಿ ಮಾತ್ರ ಬದುಕುಳಿಯಲಿಲ್ಲ.

1970ರ ಸುಮಾರಿಗೆ ಅಲ್ಲಿನ ರಕ್ಷಕರಿಗೆ ಗಾಳಿ ತುಂಬಿದ ರಬ್ಬರು ದೋಣಿ ದೊರೆಯಿತು. ಹಿಂಬದಿಗೆ ಮೋಟಾರು, ಒಳಗೆ ಚಾಲಕನೊಬ್ಬ, ಸಹಾಯಕನೊಬ್ಬ. ಈಜುಗಾರನ ಉಸಿರು ಕಟ್ಟಿಸುವ ದೂರವನ್ನು ಅದು ಬಹುಬೇಗನೆ ಕ್ರಮಿಸುತ್ತದೆ.

ಆದರೆ ಅದರ ಚುಕ್ಕಾಣಿ ಸುಲಭವಾಗಿ ಕೈಗೆ ಬರುವುದಿಲ್ಲ. ಚಾಲಕನಾಗಬಯಸುವವನು ಮೊದಲು ಸಹಾಯಕನಾಗಿ ಪಳಗಬೇಕು. ದೋಣಿ ಅಲೆಯನ್ನೇರುವಾಗ ಮೈಭಾರವನ್ನು ಮುಂದಕ್ಕೆ ಚೆಲ್ಲಿ, ಅದು ಹಿಮ್ಮೊಗವಾಗಿ ಮಗುಚದಂತೆ ಕಾಯುವುದು ಸಹಾಯಕನ ಕೆಲಸ. ಅಲೆಗೆ ಅಪ್ಪಳಿಸಿದ ರಭಸಕ್ಕೆ ಸಹಾಯಕರ ಕಾಲು ಮುರಿದದ್ದೂ ಉಂಟು. ಆ ಪೆಟ್ಟನ್ನು ಬಲ್ಲವನೇ ಇನ್ನೊಬ್ಬನನ್ನು ಮುಂದೆ ಕುಳ್ಳಿರಿಸಿಕೊಂಡು ದೋಣಿ ನಡೆಸಲು ಅರ್ಹನು.

ಚಾಲಕನು ಕಲಿಯುವ ಮೊದಲ ಪಾಠ ವೇಗವಲ್ಲ, ತಾಳ್ಮೆ. ದೊಡ್ಡ ಅಲೆಗಳ ಸಾಲು ಮುಗಿದು ಬಿಡುವು ದೊರೆಯುವವರೆಗೆ ಅವನು ಕಾಯಬೇಕು. ಅಲೆಯ ನೆತ್ತಿಯಲ್ಲಿ ದೋಣಿ ಗಾಳಿಗೆ ಹಾರದಂತೆ ವೇಗವನ್ನು ತಗ್ಗಿಸಬೇಕು. ಅತ್ತ ಮುಳುಗುತ್ತಿರುವವನು ಕೈಯೆತ್ತಿ ಕರೆಯುತ್ತಿರುವಾಗ ಹೀಗೆ ತಡೆದು ನಿಲ್ಲುವುದು ಕಠಿನವೇ ಸರಿ. ಆದರೆ ದೋಣಿ ಮಗುಚಿದರೆ ಒಂದು ಜೀವದ ಬದಲು ಮೂರು ಜೀವಗಳು ಅಪಾಯಕ್ಕೀಡಾಗುತ್ತವೆ.

ಇವರು ಸಂಬಳಕ್ಕೆ ದುಡಿಯುವವರಲ್ಲ. ತಮ್ಮ ಬಿಡುವಿನ ದಿನಗಳನ್ನು ಪಹರೆಗೆ ಒಪ್ಪಿಸಿದವರು. 1980ರಿಂದ ಸ್ತ್ರೀಯರೂ ಪೂರ್ಣ ಸದಸ್ಯರಾಗಿ ಈ ಪಹರೆಯಲ್ಲಿ ನಿಂತಿದ್ದಾರೆ. ದೋಣಿಗೆ ಬಲವನ್ನು ಯಂತ್ರ ಕೊಟ್ಟೀತು. ಆ ಬಲವನ್ನು ಎಲ್ಲಿ ತಡೆಹಿಡಿಯಬೇಕೆಂಬ ವಿವೇಕವನ್ನು ಮನುಷ್ಯನೇ ಪೆಟ್ಟು ತಿಂದು ಕಲಿಯಬೇಕು.