ಗೇಟು ಯಾರಿಗೆ ತೆಗೆಯುತ್ತೀರಿ?

ಅಕ್ಟೋಬರ್ 31ರ ರಾತ್ರಿ ನಿಮ್ಮ ಮನೆಯ ಬೆಲ್ ಹೊಡೆದುಕೊಳ್ಳುತ್ತದೆ. ಬಾಗಿಲು ತೆಗೆದರೆ ಎದುರಿಗೆ ನಾಲ್ಕು ಪುಟ್ಟ ದೆವ್ವಗಳು! ಒಂದಕ್ಕೆ ಪ್ಲಾಸ್ಟಿಕ್ ಕೋರೆಹಲ್ಲು, ಇನ್ನೊಂದಕ್ಕೆ ಅಮ್ಮನ ಕಪ್ಪು ವೇಲು, ಮತ್ತೊಂದರ ಕೈಯಲ್ಲಿ ಕುಂಬಳಕಾಯಿ ಆಕಾರದ ಬಕೆಟ್ಟು. 'ಟ್ರಿಕ್ ಆರ್ ಟ್ರೀಟ್' ಎಂದು ಕಿರುಚಿ ಕೈಯೊಡ್ಡುತ್ತವೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಇದು ಹಳೆಯ ಸುದ್ದಿ. ಬಳ್ಳಾರಿಗೆ, ಸಂಗನಕಲ್ಲು ರಸ್ತೆಯ ಹೊಸ ಬಡಾವಣೆಗಳಿಗೆ ಬರುವುದು ಯಾವ ಮಹಾ ದೂರ?

ಇಷ್ಟು ಓದುವಷ್ಟರಲ್ಲೇ ನಮ್ಮ ಹುಡುಗರಲ್ಲಿ ಕೆಲವರು ತೋಳು ಮಡಚಿರುತ್ತೀರಿ. ಇಳಿಸಿ ಗೆಳೆಯರೇ. ಆರು ವರ್ಷದ ಕೂಸಿನ ಮುಖವಾಡ ಕಿತ್ತು ಕನ್ನಡ ಉಳಿಸುವ ಕರ್ಮ ಯಾರಿಗೂ ಬೇಡ. ಬಾಗಿಲು ತೆಗೆಯಿರಿ. ಒಳಗೆ ಕರೆಯಿರಿ. ಕೈಗೆ ಸಿಹಿ ಹಾಕಿ. ನಮ್ಮ ಜಗಳ ಆ ಮಕ್ಕಳ ಜೊತೆ ಅಲ್ಲ, ನಿಮ್ಮ ಗೇಟಿನ ಜೊತೆ!

ವೇಷ ಹಾಕಿ ಮನೆಮನೆಗೆ ಬರುವುದು, ಮನೆಯವರು ಏನಾದರೂ ಕೊಟ್ಟು ಕಳಿಸುವುದು ಅಮೆರಿಕದವರು ಹೇಳಿಕೊಟ್ಟ ಪಾಠವೇ? ನಿಮ್ಮ ಅಜ್ಜಿಯನ್ನು ಕೇಳಿ. ಭಾದ್ರಪದದಲ್ಲಿ ಗಣಪ್ಪ ಹೋದ ಮೇಲೆ ಜೋಕುಮಾರ ಬರುತ್ತಾನೆ. ಮಣ್ಣಿನ ಮೂರ್ತಿ, ಬೇವಿನ ಸೊಪ್ಪು ಹಾಸಿದ ಬುಟ್ಟಿ, ತುಟಿಗೆ ಬೆಣ್ಣೆ. ಹೆಣ್ಣುಮಕ್ಕಳು ಬುಟ್ಟಿಯನ್ನು ತಲೆ ಮೇಲೆ ಹೊತ್ತು ಹಾಡುತ್ತ ಬಾಗಿಲಿಗೆ ಬಂದರೆ ಮನೆಯವರು ಮೊರದಲ್ಲಿ ಜೋಳ ಕೊಡಬೇಕು. ಅವರು ಕೊಟ್ಟ ಬೇವಿನೆಲೆಯನ್ನು ರೈತ ಹೊಲಕ್ಕೆ ಒಯ್ಯುತ್ತಾನೆ. ಏಳು ದಿನದ ಬಾಳು ಆ ಹುಡುಗನದು. ಹುಣ್ಣಿಮೆಯ ರಾತ್ರಿ ಅವನ ಕೊಲೆ. ಆ ರಾತ್ರಿ ಅವನು ನರಳುವ ದನಿ ಕಿವಿಗೆ ಬೀಳಬಾರದು ಎಂದು ಹಿರಿಯರು ಮಕ್ಕಳನ್ನು ಹೊರಗೇ ಬಿಡುತ್ತಿರಲಿಲ್ಲ. ಇದಕ್ಕಿಂತ ಮೈ ಜುಮ್ಮೆನ್ನುವ ಹ್ಯಾಲೋವೀನ್ ಬೇಕೆ?

ಪೀರಲ ಹಬ್ಬದಲ್ಲಿ ಹರಕೆ ಹೊತ್ತ ತಾಯಿ ಮಗುವನ್ನು ಫಕೀರನನ್ನಾಗಿ ಮಾಡಿ ನಾಲ್ಕು ಮನೆ ಬೇಡಿಸುತ್ತಾಳೆ. ಆ ತಾಯಿ ಹಿಂದೂವೋ ಮುಸ್ಲಿಮಳೋ ಎಂದು ನಮ್ಮ ಹಳ್ಳಿಗಳಲ್ಲಿ ಯಾರೂ ಕೇಳುವುದಿಲ್ಲ. ಸುಡುಗಾಡು ಸಿದ್ಧರು ಬರುತ್ತಾರೆ, ಹೆಸರಲ್ಲೇ ಸ್ಮಶಾನವಿದೆ! ಹಗಲುವೇಷದವರು ಬರುತ್ತಾರೆ. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿ ಅಂಟಿಕೆ ಪಂಟಿಕೆಯವರು ಉರಿವ ದೀಪ ಹಿಡಿದು ಮನೆಮನೆಗೆ ನಡೆಯುತ್ತಾರೆ.

ಇವರಲ್ಲಿ ಯಾರನ್ನು ನಿಮ್ಮ ವಾಚ್‌ಮನ್ ಒಳಗೆ ಬಿಡುತ್ತಾನೆ, ಹೇಳಿ? ಗೇಟಿನ ಮೇಲೆ ಬೋರ್ಡು ನೇತುಹಾಕಿದ್ದೀರಿ: ಬೇಡುವವರಿಗೆ, ಮಾರುವವರಿಗೆ ಪ್ರವೇಶವಿಲ್ಲ. ಆ ಬೋರ್ಡೂ ಕನ್ನಡದಲ್ಲಿರುವುದಿಲ್ಲ, ಬಿಡಿ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನ ಹೆಸರು ಕೇಳಿದ್ದೀರಿ. ಊರೂರು ತಿರುಗಿ ಹಾಡಿ ಹೊಟ್ಟೆ ಹೊರೆಯುವ ಬುಡ್ಗ ಜಂಗಮರ ಮನೆಯ ಮಗಳು. ತಲೆಯಲ್ಲಿ ಸಾವಿರಾರು ಪುಟದಷ್ಟು ಕಥೆ ಹೊತ್ತಿದ್ದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕರೆದು ನಾಡೋಜ ಪದವಿ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಬದುಕಿದ್ದು ನಿಮ್ಮ ಗೇಟಿಗೆ ಬಂದಿದ್ದರೆ ಆ ತಾಯಿ ವಾಚ್‌ಮನ್‌ಗೆ ನಾಡೋಜದ ಸರ್ಟಿಫಿಕೇಟ್ ತೋರಿಸಬೇಕಿತ್ತೇನೋ!

ಹೊರಗಿನದು ಬಂದು ನಮ್ಮದನ್ನು ತಿಂದಿತು ಎಂದು ಎದೆ ಬಡಿದುಕೊಳ್ಳುವುದು ಸುಲಭ. ಸಂಗನಕಲ್ಲಿಗೆ ಒಮ್ಮೆ ಹೋಗಿ ಬನ್ನಿ. ಸಾವಿರಾರು ವರ್ಷಗಳ ಹಿಂದೆ ಕಲ್ಲಿನ ಕೊಡಲಿ ಮಸೆದು, ದನ ಕಾಯ್ದು ಬದುಕಿದವರ ನೆಲೆ ಅದು. ಪಕ್ಕದ ಕುಪ್ಪಗಲ್ಲಿನ ಗುಡ್ಡದಲ್ಲಿ ಅವರು ಕೊರೆದ ಗೂಳಿಗಳಿವೆ. ಕಲ್ಲಿನಿಂದ ಹೊಡೆದರೆ ಗಂಟೆಯಂತೆ ದನಿ ಕೊಡುವ ಬಂಡೆಗಳಿವೆ. ಆ ಗುಡ್ಡವನ್ನು ಎಷ್ಟೋ ಕಡೆ ಕಲ್ಲು ಗಣಿಗಾರಿಕೆ ಕಚ್ಚಿ ತಿಂದಿದೆ. ಅದನ್ನು ತಿಂದದ್ದು ಹ್ಯಾಲೋವೀನ್ ಅಲ್ಲ ಸ್ವಾಮಿ, ನಾವೇ.

ನಮ್ಮ ದೆವ್ವದ ಕಥೆಯೂ ಅಷ್ಟೇ. 90ರ ದಶಕದಲ್ಲಿ ಬೆಂಗಳೂರೂ ಸೇರಿ ನಾಡಿನ ಹಲವು ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿತ್ತು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲ ಬರಹ ಓದಿದರೆ ಸುಮ್ಮನೆ ವಾಪಸು ಹೋಗುತ್ತದೆ ಎಂಬ ಗಾಳಿಸುದ್ದಿ. ಎಂಥ ಸಂಭಾವಿತ ದೆವ್ವ ನೋಡಿ, ಅದಕ್ಕೆ ಕನ್ನಡ ಓದಲು ಬರುತ್ತಿತ್ತು! ಇಂದು ಇಂಗ್ಲಿಷ್ ಶಾಲೆಯ ಎಷ್ಟು ಮಕ್ಕಳಿಗೆ ಆ ಎರಡು ಪದ ಓದಲು ಬಂದೀತು? ಅದೇ ಕಥೆ 2018ರಲ್ಲಿ 'ಸ್ತ್ರೀ' ಎಂಬ ಹಿಂದಿ ಸಿನಿಮಾ ಆಗಿ, ಮಧ್ಯಪ್ರದೇಶದ ಚಂದೇರಿಗೆ ಮನೆ ಬದಲಿಸಿ, ಕೋಟಿಗಟ್ಟಲೆ ಬಾಚಿತು. ನಾವು ದುಡ್ಡು ಕೊಟ್ಟು ಟಿಕೆಟ್ ತಗೊಂಡು, ನಮ್ಮೂರ ದೆವ್ವವನ್ನು ಹಿಂದಿಯಲ್ಲಿ ನೋಡಿ ಬಂದೆವು.

ಹ್ಯಾಲೋವೀನ್ ಅಮೆರಿಕದ್ದು ಎಂದುಕೊಂಡಿದ್ದರೆ ತಪ್ಪು. ಅದರ ಬೇರು ಐರ್ಲೆಂಡಿನಲ್ಲಿ. ಅಲ್ಲಿನ ಹಳೆಯ ಹಬ್ಬದ ಹೆಸರು ನಮ್ಮ ಕಿವಿಗೆ 'ಸಾವಿನ್' ಎಂದೇ ಕೇಳುತ್ತದೆ. (ಕಾಕತಾಳೀಯ. ಯಾರೂ ಇದರ ಮೇಲೆ ಭಾಷಾಶಾಸ್ತ್ರ ಕಟ್ಟಬೇಡಿ!) ಸುಗ್ಗಿ ಮುಗಿದು ಚಳಿಗಾಲ ಹೊಕ್ಕುವ ರಾತ್ರಿ, ಸತ್ತವರು ಮನೆಗೆ ಬರುವ ರಾತ್ರಿ, ಅಂದರೆ ನಮ್ಮ ಹಿರಿಯರ ಹಬ್ಬದ ದೂರದ ನೆಂಟ. ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರು. 1845ರಿಂದ 1852ರವರೆಗೆ ಆಲೂಗಡ್ಡೆ ಬೆಳೆ ಕೈಕೊಟ್ಟು ಬರ ಬಿತ್ತು. ಸುಮಾರು 10 ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಹಬ್ಬ ಅವರ ಜೊತೆ ಅಮೆರಿಕಕ್ಕೆ ಹೋಯಿತು. ಗಡ್ಡೆ ಕುಂಬಳಕಾಯಿ ಆಯಿತು. ಲೋಕವೆಲ್ಲ ಸುತ್ತಿ ಈಗ ನಿಮ್ಮ ಬಾಗಿಲಿಗೆ ಬಂದಿದೆ.

ಆ ಹಬ್ಬಕ್ಕೆ ಹೆಸರಿಟ್ಟ ಐರಿಷ್ ನುಡಿ ಏನಾಯಿತು? ಇಂಗ್ಲಿಷರ ಆಳ್ವಿಕೆ, ಇಂಗ್ಲಿಷ್ ಶಾಲೆ, ಬರ, ವಲಸೆ ಎಲ್ಲ ಸೇರಿ ಅದನ್ನು ಮನೆಯಿಂದ ಹೊರಗೆ ತಳ್ಳಿದವು. ಐರ್ಲೆಂಡಿನ ಸಂವಿಧಾನದಲ್ಲಿ ಅದೇ ಮೊದಲ ಅಧಿಕೃತ ಭಾಷೆ. ಆದರೂ 2022ರ ಜನಗಣತಿಯಲ್ಲಿ ಶಾಲೆಯ ಹೊರಗೆ ದಿನವೂ ಅದನ್ನು ಆಡುತ್ತೇವೆ ಎಂದವರು ಸುಮಾರು 72 ಸಾವಿರ, ಅಷ್ಟೇ! ಜೋಕುಮಾರನ ಮಣ್ಣಿನ ಮೂರ್ತಿ ನಾಳೆ ಮ್ಯೂಸಿಯಮ್ಮಿನಲ್ಲೂ ಉಳಿದೀತು. ಅವನ ಹಾಡು ಉಳಿಯಲು ಹಾಡುವ ಬಾಯಿ ಬೇಕು, ಕೇಳುವ ಬಾಗಿಲು ಬೇಕು.

ಅಕ್ಟೋಬರ್ 31 ಎಂದರೆ ಮರುದಿನ ರಾಜ್ಯೋತ್ಸವ ಎಂಬುದು ಮರೆಯದಿರಲಿ. ಬಳ್ಳಾರಿಯವರಿಗೆ ಹಬ್ಬದ ಹಿಂದಿನ ರಾತ್ರಿಯೆಂದರೆ ಇನ್ನೊಂದು ನೆನಪೂ ಇದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸಿನ ಕೈತಪ್ಪಿ ಮೈಸೂರಿಗೆ ಸೇರಬೇಕಿತ್ತು. ಹಿಂದಿನ ರಾತ್ರಿ, ಸಂಭ್ರಮಕ್ಕೆ ಹಾಕಿದ ಚಪ್ಪರವನ್ನು ಕಾಯುತ್ತಿದ್ದ ರಂಜಾನ್ ಸಾಬರ ಮೇಲೆ ಆಸಿಡ್ ಬಲ್ಬ್ ಬಿತ್ತು. ಅವರು ಉಳಿಯಲಿಲ್ಲ. ಬಳ್ಳಾರಿ ಕನ್ನಡದ ಜೊತೆ ಉಳಿಯಿತು. ಅಂದು ಅವರು ನಿದ್ದೆಗೆಟ್ಟು ಕಾದದ್ದು ಯಾರಿಗಾಗಿ ಎಂದು ಆ ಪುಟ್ಟ ದೆವ್ವಗಳಿಗೆ ಯಾರಾದರೂ ಹೇಳಿದ್ದಾರೆಯೆ?

ಹಾಗಾಗಿ ಈ ಸಲ ಶೇಂಗಾ ಚಿಕ್ಕಿ, ಮಂಡಕ್ಕಿ ಉಂಡಿ ತಂದಿಡಿ. ಬೆಲ್ ಆದರೆ ನಗುತ್ತ ಬಾಗಿಲು ತೆಗೆದು, 'ಯಾವೂರ ದೆವ್ವಪ್ಪ ನೀನು? ಹೆಸರೇನು?' ಎಂದು ಕನ್ನಡದಲ್ಲೇ ಕೇಳಿ. ಮನೆಯಲ್ಲಿ ತೆಲುಗೋ ಉರ್ದುವೋ ಆಡುವ ಕೂಸಾದರೂ ಬಳ್ಳಾರಿಯಲ್ಲಿ ಉತ್ತರ ಬಂದೇ ಬರುತ್ತದೆ. 'ಕೊಡ್ತೀರೋ, ಕಾಡ್ಲೋ?' ಎಂದು ಹೇಳಿಕೊಡಿ, ಮೂರು ಸಲ ಕೂಗಿಸಿ, ಆಮೇಲೆ ಉಂಡಿ ಕೊಡಿ. ಬೆಳಿಗ್ಗೆ ಬಾವುಟ ಏರಿಸಲು ಬರುವಂತೆ ಕರೆಯಿರಿ, ಬೇಕಾದರೆ ಕೋರೆಹಲ್ಲು ಹಾಕಿಕೊಂಡೇ ಬರಲಿ. ಇನ್ನು ಆ ಗೇಟಿನ ಬೋರ್ಡಿನ ಮಾತನ್ನು ಮುಂದಿನ ಭಾದ್ರಪದಕ್ಕೆ ಮೊದಲೇ ನಿಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಎತ್ತಿ. ಬುಟ್ಟಿ ಹೊತ್ತವರು ಹಗಲಲ್ಲೇ ಬರುತ್ತಾರೆ. ಮೊರದಲ್ಲಿ ಒಂದು ಸೇರು ಜೋಳ ಸಿದ್ಧವಿರಲಿ.